ಲೂನಿ ಸ್ಮರಣಾರ್ಥ ಬೆಳ್ಳಿ ನಾಣ್ಯ ಕೊಂಡವರಿಗೆ

ಕೆನಡಾದ ಒಂದು ಡಾಲರ್ ನಾಣ್ಯ ‘ಲೂನಿ’ ಚಲಾವಣೆಗೆ ಬಂದದ್ದು 1987ರಲ್ಲಿ. ಮೊದಲು ಯೋಚಿಸಿದ್ದು ದೋಣಿಯ ಚಿತ್ರ. ಅದರ ಅಚ್ಚುಗಳು ಒಟ್ಟಾವದಿಂದ ವಿನ್ನಿಪೆಗ್‌ಗೆ ಸಾಗುವ ದಾರಿಯಲ್ಲಿ ಕಳೆದುಹೋಗಿ, ನಾಣ್ಯದ ಮೇಲೆ ಕೂರುವ ಅದೃಷ್ಟ ಲೂನ್ ಎಂಬ ನೀರುಹಕ್ಕಿಗೆ ಖುಲಾಯಿಸಿತು!

ಲೂನಿಯ ವಾರ್ಷಿಕೋತ್ಸವದ ಬೆಳ್ಳಿ ನಾಣ್ಯ ಕೈಸೇರಿದರೆ, ಅದನ್ನಿಟ್ಟ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ (ಕ್ಯಾಪ್ಸೂಲ್) ಬಿಚ್ಚಲೇಬೇಡಿ. ಕನ್ನಡಿಯಂಥ ಮೈಮೇಲೆ ಬಿದ್ದ ಹೆಬ್ಬೆರಳ ಗುರುತು ದಿನ ಕಳೆದಂತೆ ಕಂದಾಗಿ, ಗೆರೆಗೆರೆಯಾಗಿ ಅಲ್ಲೇ ಕೂರುತ್ತದೆ. ತೆಗೆಯಲೇಬೇಕಾದರೆ ಕೆಳಗೆ ಮೆತ್ತನೆಯ ಬಟ್ಟೆ ಹಾಸಿ, ಅಂಚನ್ನಷ್ಟೇ ಹಿಡಿಯಿರಿ. ಕಪ್ಪಾಯಿತೆಂದು ಪಾಲಿಶ್ ಹಚ್ಚಿ ಉಜ್ಜಿದಿರೋ, ಸಂಗ್ರಾಹಕರು ಮುಖ ತಿರುಗಿಸುತ್ತಾರೆ. ಪಿವಿಸಿ ಎಂಬ ಪ್ಲಾಸ್ಟಿಕ್‌ನ ಚೀಲವೂ ಬೇಡ, ಹಸಿರು ಅಂಟು ಬಿಡುತ್ತದೆ. ಪೆಟ್ಟಿಗೆ, ಪ್ರಮಾಣಪತ್ರ ಎರಡನ್ನೂ ಜೋಪಾನ ಮಾಡಿ. ಮಾರುವಾಗ ಮೊದಲು ಕೇಳುವುದೇ ಅವನ್ನು.