ಡೊಂಬಿವಲಿಯ ಗ್ರಿಲ್‌ನಲ್ಲಿ ಮಟ್ಟುಗುಳ್ಳ

ಮುಂಬಯಿಯ ಕನ್ನಡ ಶಾಲೆಯೊಂದರಲ್ಲಿ 26 ವರ್ಷ ವಿಜ್ಞಾನ ಕಲಿಸಿದವಳು ನಾನು. ಗಿಡ ತನ್ನ ಅನ್ನವನ್ನು ತಾನೇ ಬೇಯಿಸಿಕೊಳ್ಳುತ್ತದೆ ಎಂದು ಎಷ್ಟು ಬ್ಯಾಚಿನ ಮಕ್ಕಳಿಗೆ ಹೇಳಿದ್ದೇನೋ. ನಿವೃತ್ತಿಯಾಗಿ ಡೊಂಬಿವಲಿಯ ಮೂರನೇ ಮಾಳಿಗೆಯ ಕಿಟಕಿ ಗ್ರಿಲ್‌ನಲ್ಲಿ ಕುಂಡ ಇಟ್ಟಾಗ ನನಗೇ ಅದು ಮರೆತಿತ್ತು.

ಕಟಪಾಡಿಯಿಂದ ನಾದಿನಿ ಮಟ್ಟುಗುಳ್ಳದ, ಅಂದರೆ ಉಡುಪಿ ಕಡೆಯ ಗುಂಡು ಬದನೆಯ, ಬೀಜ ಕಳಿಸಿದ್ದಳು. ಸಸಿ ಎದ್ದದ್ದೇ ತಡ, ವಾರಕ್ಕೊಮ್ಮೆ ಶೇಂಗಾ ಹಿಂಡಿ ನೆನೆಸಿದ ನೀರು ಹೊಯ್ದೆ. ನಾತಕ್ಕೆ ಪಕ್ಕದ ಮನೆಯ ಮರಾಠಿ ಕಾಕು ಕಿಟಕಿ ಮುಚ್ಚಿಕೊಂಡರು. ಎಲೆಗಳು ಅಂಗೈಯಗಲ, ಕಡುಹಸಿರು. ಹೂವು ಮಾತ್ರ ಇಲ್ಲ. ಹೂವಿಲ್ಲವಲ್ಲ ಅಂತ ಇನ್ನಷ್ಟು ಹಿಂಡಿ!

ಕೊನೆಗೆ ನೆನಪಾದದ್ದು ನಾನೇ ಹೇಳುತ್ತಿದ್ದ, ಹಳೆಯ ಕಾಲದ ವಿಜ್ಞಾನಿ ಹೆಲ್ಮಾಂಟನ ಕಥೆ. ಸುಮಾರು 90 ಕಿಲೋ ಒಣಮಣ್ಣಿನಲ್ಲಿ ಅವನು ಒಂದು ವಿಲೋ ಗಿಡ ನೆಟ್ಟು, 5 ವರ್ಷ ಬರೀ ನೀರು ಹಾಕಿದ. ಗಿಡ 70 ಕಿಲೋ ದಾಟಿತು, ಮಣ್ಣು ಕಳಕೊಂಡದ್ದು 60 ಗ್ರಾಮಿನಷ್ಟು. ಎಲ್ಲವೂ ನೀರಿನಿಂದಲೇ ಬಂತೆಂದು ಅವನು ತಿಳಿದ. ಗಾಳಿಯ ಇಂಗಾಲದ ಡೈಆಕ್ಸೈಡಿನ ಪಾಲು ಅವನಿಗೆ ಹೊಳೆಯಲಿಲ್ಲ. ಅಂದರೆ ನಾನು ಹೊಯ್ಯುತ್ತಿದ್ದದ್ದು ಅನ್ನವಲ್ಲ, ಅನ್ನಕ್ಕೆ ಹಾಕುವ ಉಪ್ಪು. ಅದೂ ಹಿಡಿಗಟ್ಟಲೆ. ಹಿಂಡಿಯ ಸಾರಜನಕ ಎಲೆಗೇ ಹೋಗಿತ್ತು. ಒಲೆ ಉರಿಯಬೇಕಾದದ್ದು ಬಿಸಿಲಿನಲ್ಲಿ, ನನ್ನ ಕುಂಡವೋ ನೆರಳಿನಲ್ಲಿತ್ತು.

ಹಿಂಡಿ ನಿಲ್ಲಿಸಿ ಕುಂಡವನ್ನು ಬಿಸಿಲಿನ ಮೂಲೆಗೆ ಎಳೆದೆ. ಗಣೇಶ ಚೌತಿ ಕಳೆದ ಮೇಲೆ ನೇರಳೆ ಹೂಗಳು ಬಂದವು. ಬಂದವು, ಉದುರಿದವು. ಎದುರಿನ ತುಳಸಿಗೆ ಸಣ್ಣ ಜೇನು ಮುತ್ತುತ್ತಿತ್ತು, ಬದನೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಒಂದು ಹೂ ಕಿತ್ತು ಭೂತಗನ್ನಡಿಯಲ್ಲಿ ನೋಡಿದೆ. ನಡುವೆ ಹಳದಿ ಪರಾಗಕೋಶಗಳು ಕೂಡಿಕೊಂಡು ಗೋಪುರದಂತೆ ನಿಂತಿವೆ. ಒಂದೊಂದರ ತುದಿಯಲ್ಲೂ ಸೂಜಿಮೊನೆಯಷ್ಟು ಎರಡು ತೂತು. ಉಪ್ಪಿನ ಡಬ್ಬಿಯ ಹಾಗೆ, ಅಲುಗಿಸಿದರಷ್ಟೇ ಪುಡಿ ಬೀಳುವುದು. ಮಕರಂದವಂತೂ ಇಲ್ಲವೇ ಇಲ್ಲ. ತುಳಸಿ ತನ್ನ ಎಲೆಯಲ್ಲಿ ಮಾಡಿದ ಸಕ್ಕರೆಯಲ್ಲೇ ಒಂದಿಷ್ಟನ್ನು ಹೂವಿಗೆ ಹರಿಸಿ ಬಂದವರಿಗೆ ಪಾನಕ ಕೊಡುತ್ತದೆ. ಬದನೆ ಕೊಡುವುದು ಪರಾಗ ಮಾತ್ರ, ಅಂದರೆ ಮರಿಗಳನ್ನು ಸಾಕಲು ಬೇಕಾದ ಪ್ರೋಟೀನು. ಅದೂ ಗಡಗಡ ನಡುಗಿಸಬಲ್ಲವರಿಗೆ. ಜೇನುನೊಣಕ್ಕೆ ಆ ವಿದ್ಯೆ ಗೊತ್ತಿಲ್ಲ. ಕಪ್ಪು ದುಂಬಿಗೆ, ಭ್ರಮರಕ್ಕೆ, ಗೊತ್ತು.

ದುಂಬಿ ಎಲ್ಲಿಂದ ತರಲಿ? ಯಜಮಾನರ ಬ್ಯಾಟರಿ ಟೂತ್‌ಬ್ರಶ್ ಕಣ್ಣಿಗೆ ಬಿತ್ತು. ಬೆಳಗ್ಗೆ ಹೂವಿನ ತೊಟ್ಟಿಗೆ ಅದರ ಬೆನ್ನು ತಾಗಿಸಿ ಎರಡು ಸೆಕೆಂಡ್ ಆನ್ ಮಾಡಿದೆ. ಕೆಳಗೆ ಹಿಡಿದ ಕಪ್ಪು ಕಾಗದದ ಮೇಲೆ ಹಳದಿ ಪುಡಿ!

"ನನ್ನ ಬ್ರಶ್ಶೇ ಬೇಕಿತ್ತಾ ಮಾರಾಯ್ತಿ?"

"ಹೊಸತು ತರಿಸಿಕೊಳ್ಳಿ. ಇದು ಇನ್ನು ಬದನೆಯದ್ದು."

ಆ ಸಲ ನಾಲ್ಕು ಗುಳ್ಳ ಹಿಡಿಯಿತು. ಬ್ರಶ್ ಮುಟ್ಟಿಸಿದರೂ ಕೆಲವು ಹೂ ಉದುರಿದವು. ನಡುವಿನ ಶಲಾಕೆ, ಅಂದರೆ ಹೂವಿನ ಹೆಣ್ಣು ಭಾಗದ ಕಡ್ಡಿ, ಗಿಡ್ಡವಾಗಿ ಗೋಪುರದೊಳಗೇ ಅಡಗಿದ ಹೂಗಳು ಕಾಯಿ ಕಟ್ಟುವುದು ಅಪರೂಪ. ಅಂಥವಕ್ಕೆ ಈಗ ತಲೆಕೆಡಿಸಿಕೊಳ್ಳುವುದಿಲ್ಲ.

ದುಂಬಿಯ ಆಸೆ ಬಿಟ್ಟಿರಲಿಲ್ಲ. ಅದಕ್ಕೂ ಹೊಟ್ಟೆಗೆ ಸಕ್ಕರೆ ಬೇಕಲ್ಲ ಎಂದು ಗ್ರಿಲ್‌ಗೆ ಶಂಖಪುಷ್ಪ ಹಬ್ಬಿಸಿದೆ, ಕಾಮಕಸ್ತೂರಿ ಕದಿರು ಚಿವುಟದೆ ಬಿಟ್ಟೆ. ದುಂಬಿಗೆ ತಾಗದಿರಲಿ ಎಂದು ಬೇವಿನೆಣ್ಣೆ ಸಿಂಪಡಣೆಯನ್ನು ಬೆಳಗ್ಗಿನ ಬದಲು ಸಂಜೆಗೆ ಮುಂದೂಡಿದೆ.

ಜನವರಿಯ ಒಂದು ಬೆಳಗ್ಗೆ ಕಾಕು ಅವರ ಕಿಟಕಿಯಿಂದಲೇ ಕೂಗಿದರು, "ಭುಂಗಾ ಆಲಾ!" ದುಂಬಿ ಬಂತು! ಹೆಬ್ಬೆರಳ ತುದಿಯಷ್ಟು ದಪ್ಪ, ಎಣ್ಣೆ ಹಚ್ಚಿದಂತೆ ಕಪ್ಪು. ಶಂಖಪುಷ್ಪದಲ್ಲಿ ಎರಡು ಸುತ್ತು ಹಾಕಿ ಬದನೆ ಹೂವಿಗೆ ಜೋತುಬಿತ್ತು. ಗೋಪುರವನ್ನು ತಬ್ಬಿ ಮೈ ಬಾಗಿಸಿತು. ರೆಕ್ಕೆ ಮಡಚಿತ್ತು, ಆದರೂ ಗುಂಯ್ ಸದ್ದು ಒಮ್ಮೆಲೇ ಏರಿತು. ಬಿಟ್ಟೆದ್ದಾಗ ಎದೆ ತುಂಬ ಹಳದಿ.

ಈಗ ಅದು ನಮ್ಮ ಬಿಸಿಲು ಪರದೆಯ ಬಿದಿರು ಕೋಲಿಗೇ ತೂತು ಕೊರೆದು ಸಂಸಾರ ಹೂಡಿದೆ. ದಿನಾ ಬೆಳಗ್ಗೆ ಕೆಳಗೆ ಉದುರಿದ ಬಿದಿರಿನ ಹೊಟ್ಟು ಗುಡಿಸುವವರು ಯಜಮಾನರು.