ಮಣ್ಣು ಹಾಕದ ಬಾಟಲಿ

ಸರ್ಫ್ಯಾಕ್ಟಂಟ್ ಅಂದರೆ ಸೋಪಿನಂಥ ವಸ್ತು: ಅದರ ಅಣುವಿಗೆ ನೀರನ್ನು ಇಷ್ಟಪಡುವ ತಲೆ, ನೀರನ್ನು ಕಂಡರಾಗದ ಬಾಲ. ಮಣ್ಣು ಎಷ್ಟು ಸರ್ಫ್ಯಾಕ್ಟಂಟ್ ಹಿಡಿದಿಟ್ಟುಕೊಳ್ಳುತ್ತದೆ ಎಂದು ಅಳೆಯುವುದು ಕೇಳಲು ಸುಲಭ. ಮಣ್ಣಿಗೆ ದ್ರಾವಣ ಹಾಕಿ, ಒಂದು ದಿನ ಅಲ್ಲಾಡಿಸಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲಿನ ತಿಳಿಯಲ್ಲಿ ಉಳಿದದ್ದನ್ನು ಅದಕ್ಕೆ ಹೊಂದುವ ಬಣ್ಣದಿಂದ (ನೆಗೆಟಿವ್ ಚಾರ್ಜಿನದಕ್ಕೆ ಮೆಥಿಲೀನ್ ಬ್ಲೂ) ಅಳೆಯಬೇಕು. ಕಮ್ಮಿಯಾಗಿದ್ದೆಲ್ಲ ಮಣ್ಣಿನ ಲೆಕ್ಕಕ್ಕೆ.

ನಾನು ಶುರು ಮಾಡಿದ್ದು ಸೋಡಿಯಂ ಡೊಡೆಸಿಲ್ ಸಲ್ಫೇಟ್, ಅಂದರೆ ಎಸ್‌ಡಿಎಸ್‌ನಿಂದ. ಇದರ ತಲೆಗೆ ನೆಗೆಟಿವ್ ಚಾರ್ಜ್. ಜೇಡಿಕಣದ ಮೈಗೂ ನೆಗೆಟಿವ್ ಚಾರ್ಜೇ. ಒಂದನ್ನೊಂದು ದೂರ ತಳ್ಳಬೇಕು ಅಲ್ವಾ? ಆದರೆ 1 ಮಿಲಿಮೋಲಾರ್ ದ್ರಾವಣದಲ್ಲಿ ಮುಕ್ಕಾಲು ಪಾಲು ಮಾಯ. ಖುಷಿಯಲ್ಲಿ ಗ್ರಾಫ್ ಕೂಡ ಬರೆದಿದ್ದೆ.

ಆಮೇಲೊಂದು ಸಲ ಮಣ್ಣೇ ಇಲ್ಲದ ಬಾಟಲಿಯನ್ನೂ ಶೇಕರ್‌ನಲ್ಲಿಟ್ಟೆ. ಅದರಲ್ಲೂ ಅಷ್ಟೇ ಮಾಯ! ತಳದಲ್ಲಿ ತೆಳ್ಳಗೆ ಬಿಳಿ ಪುಡಿ. ಮಣ್ಣಿದ್ದಾಗ ಅದು ಕಣ್ಣಿಗೆ ಬಿದ್ದಿರಲಿಲ್ಲ. ದ್ರಾವಣ ಮಾಡಲು ಬರೀ ನೀರಿನ ಬದಲು, ರೂಢಿಯಂತೆ 0.01 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ಬಳಸಿದ್ದೆ. ಗಡಸು ನೀರಲ್ಲಿ ಸೋಪು ಒಡೆಯುವ ಹಾಗೆ ಕ್ಯಾಲ್ಸಿಯಂ ಎಸ್‌ಡಿಎಸ್ ಜೊತೆ ಸೇರಿ, ಕರಗದ ಉಪ್ಪಾಗಿ ಕೂತಿತ್ತು.

ಕ್ಯಾಲ್ಸಿಯಂ ಬಿಟ್ಟು ಅಡುಗೆ ಉಪ್ಪಿನ ದ್ರಾವಣಕ್ಕೆ ಬದಲಾಯಿಸಿದೆ. ಆದರೂ ಮಣ್ಣಿನ ಕಣಗಳಿಗೇ ಅಂಟಿದ್ದ ಕ್ಯಾಲ್ಸಿಯಂ ಹೊರಬಂದು ಅದೇ ಆಟ. ಮಣ್ಣನ್ನು ಉಪ್ಪುನೀರಲ್ಲಿ ಹಲವು ಸಲ ತೊಳೆದೆ. ಆಗ ಇನ್ನೊಂದು ಫಜೀತಿ: ಸೋಡಿಯಂ ತುಂಬಿದ ಜೇಡಿ ಚದುರಿ ತೇಲುತ್ತದೆ, ಕೆಳಗೆ ಕೂರುವುದೇ ಇಲ್ಲ. ಸೆಂಟ್ರಿಫ್ಯೂಜನ್ನು ಜಾಸ್ತಿ ವೇಗದಲ್ಲಿ, ಜಾಸ್ತಿ ಹೊತ್ತು ಓಡಿಸಿದೆ. ಕೊನೆಗೆ ಸಿಕ್ಕಿದ ಸಂಖ್ಯೆ ತೀರಾ ಚಿಕ್ಕದು. ಸಾವಯವ ಅಂಶ ಹೆಚ್ಚಿದ್ದ ಮಣ್ಣಲ್ಲಿ ಸ್ವಲ್ಪ ಜಾಸ್ತಿ, ಯಾಕೆಂದರೆ ನೀರನ್ನು ಕಂಡರಾಗದ ಬಾಲಕ್ಕೆ ಅಲ್ಲಿ ಜಾಗ ಸಿಗುತ್ತದೆ.

ಮುಂದೆ ಇನ್ನೊಂದು ಸರ್ಫ್ಯಾಕ್ಟಂಟ್, ಸೆಟೈಲ್ ಟ್ರೈಮೀಥೈಲ್ ಅಮೋನಿಯಂ ಬ್ರೋಮೈಡ್, ಅಂದರೆ ಸಿಟಿಎಬಿ. ಇದರ ತಲೆ ಪಾಸಿಟಿವ್. ಇದನ್ನು ಜೇಡಿ ಗಬಕ್ಕನೆ ಹಿಡಿಯುತ್ತದೆ. ಸ್ವಲ್ಪ ಸ್ವಲ್ಪವೇ ಹಾಕುತ್ತ ಹೋದರೆ ಚಾರ್ಜ್ ಸರಿಹೋಗಿ ಕಣಗಳು ಗಂಟುಕಟ್ಟುತ್ತವೆ, ಸರ್ರನೆ ಕೆಳಗೆ ಕೂರುತ್ತವೆ. ಇನ್ನೂ ಹಾಕಿ, ನೀರು ಮತ್ತೆ ಕದಡುತ್ತದೆ! ಮೊದಲ ಪದರದ ಬಾಲಗಳಿಗೆ ಎರಡನೇ ಪದರದ ಬಾಲಗಳು ಅಂಟಿ, ತಲೆಗಳೆಲ್ಲ ಹೊರಗೆ ಬಂದು, ಕಣವೇ ಪಾಸಿಟಿವ್ ಆಗಿಬಿಟ್ಟಿರುತ್ತದೆ. ಬರಿಗಣ್ಣಿಗೆ ಇಷ್ಟು ಚೆನ್ನಾಗಿ ಕಾಣುವ ರಸಾಯನಶಾಸ್ತ್ರ ಕಡಿಮೆ.

ಇಲ್ಲೂ ಮಣ್ಣಿಲ್ಲದ ಬಾಟಲಿ ಕೈಕೊಟ್ಟಿತು. ಗಾಜಿಗೂ ನೆಗೆಟಿವ್ ಚಾರ್ಜ್, ಅದೂ ಸಿಟಿಎಬಿ ಹಿಡಿಯುತ್ತದೆ. ಅಷ್ಟನ್ನು ಲೆಕ್ಕದಿಂದ ಸುಮ್ನೆ ಕಳೆದುಬಿಡುವ ಹಾಗೂ ಇಲ್ಲ. ಮಣ್ಣಿದ್ದಾಗ ಗಾಜಿಗೆ ಸಿಗುವುದೇ ಕಮ್ಮಿ. ಹಾಗಾಗಿ ಗಾಜಿನ ಪಾಲು ಲೆಕ್ಕಕ್ಕೇ ಬರದಷ್ಟು ಮಣ್ಣು ಹೆಚ್ಚಿಸಿ, ಎಲ್ಲವನ್ನೂ ಮೊದಲಿಂದ ಮಾಡಿದೆ.