ಹೀಟರ್‌ನಿಂದ ತಂಪು ಗಾಳಿ ಬಂದ ದಿನ

ನಮ್ಮದು 1998ರ ಮಾರುತಿ 800, ಎಸಿ ಇರುವ ಮಾಡೆಲ್. ಅಪ್ಪ ಕೊಂಡಿದ್ದು. ಕೆಎ 32 ನಂಬರು, ಆರ್‌ಸಿ ಬುಕ್ಕಿನಲ್ಲಿ ಇನ್ನೂ ಗುಲಬರ್ಗಾ ಅಂತಲೇ ಇದೆ. ಸೂಪರ್ ಮಾರ್ಕೆಟ್, ಜಗತ್ ಸರ್ಕಲ್ ಅಂತ ಊರೊಳಗೆ ಎಷ್ಟು ಓಡಿಸಿದರೂ ಅದು ತಕರಾರು ಮಾಡಿದ್ದಿಲ್ಲ. ಟೆಂಪರೇಚರ್ ಮುಳ್ಳು ಅರ್ಧಕ್ಕಿಂತ ಸ್ವಲ್ಪ ಕೆಳಗೇ ನಿಂತಿರುತ್ತಿತ್ತು. ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ ಅವ್ವನನ್ನು ಕೂರಿಸಿಕೊಂಡು ಬೀದರ್‌ಗೆ ಹೊರಟಾಗ ಅದರ ನಿಜವಾದ ಬಣ್ಣ ಗೊತ್ತಾಯಿತು.

ಹೊರಗೆ 42 ಡಿಗ್ರಿ. ಮಹಾಗಾಂವ್ ಕ್ರಾಸ್ ದಾಟುವಾಗ ಮುಳ್ಳು ಅರ್ಧ ದಾಟಿತು. ಎಸಿ ಬಂದ್ ಮಾಡಿದೆ. ಕಮಲಾಪುರ ಹತ್ತಿರ ಬರುವಷ್ಟರಲ್ಲಿ ಮುಕ್ಕಾಲು. ಆಗ ಎಲ್ಲೋ ಕೇಳಿದ್ದ ಉಪಾಯ ನೆನಪಾಯಿತು. ಹೀಟರ್ ಪೂರ್ತಿ ಹಚ್ಚಿದರೆ ಇಂಜಿನ್ನಿನ ಬಿಸಿ ಸ್ವಲ್ಪ ಗಾಡಿಯೊಳಗೆ ಬರುತ್ತದೆ, ಇಂಜಿನ್ನಿಗೆ ಅಷ್ಟು ಭಾರ ಕಮ್ಮಿ. ಇಂಜಿನ್ನಿನ ಸುತ್ತ ಹರಿದು ಬಿಸಿಯಾದ ನೀರನ್ನು ತಣಿಸುವುದು ಮುಂದಿರುವ ರೇಡಿಯೇಟರ್; ಹೀಟರ್ ಅಂದರೆ ಡ್ಯಾಶ್‌ಬೋರ್ಡ್ ಹಿಂದಿರುವ ಇನ್ನೊಂದು ಸಣ್ಣ ರೇಡಿಯೇಟರ್, ಅಷ್ಟೇ. ಹಚ್ಚಿದೆ.

"ಯಪ್ಪಾ, ಹೊರಗ ಬೆಂಕಿ ಬೀಳ್ಲತ್ತದ, ಒಳಗೂ ಬೆಂಕಿ ಹಚ್ಚಿದೇನು?" ಅಂದಳು ಅವ್ವ.

ಐದು ನಿಮಿಷ ಹಾಗೇ ಹೋದೆವು. ಆಮೇಲೆ ಒಂದು ಚಮತ್ಕಾರ ಆಯಿತು. "ಈಗ ಗಾಳಿ ಛಲೋ ಬರ್ಲತ್ತದ ನೋಡು, ತಂಪ ಆತು" ಅಂದಳು. ನೋಡಿದರೆ ಮುಳ್ಳೂ ಇಳಿಯುತ್ತಿದೆ. ಉಪಾಯ ಫಲಿಸಿತು ಅಂತ ನಾನು ಖುಷಿಯಲ್ಲಿ ಇನ್ನೂ ಎರಡು ಕಿಲೋಮೀಟರ್ ಓಡಿಸಿದೆ. ಅಷ್ಟರಲ್ಲಿ ಬಾನೆಟ್ ಸಂದಿಯಿಂದ ಹಬೆ.

ಆ ಎರಡು ಕಿಲೋಮೀಟರ್ ನೆನೆಸಿಕೊಂಡರೆ ಈಗಲೂ ಮೈ ಬೆವರುತ್ತದೆ. ಗಾಡಿ ತಣ್ಣಗಾಗಿರಲಿಲ್ಲ, ನೀರು ಖಾಲಿಯಾಗಿತ್ತು. ಮುಳ್ಳಿಗೆ ಸುದ್ದಿ ಕೊಡುವ ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ನಿಜ ಹೇಳುತ್ತದೆ. ನೀರು ಇಳಿದು ಬರೀ ಹಬೆಯಲ್ಲಿ ನಿಂತರೆ ಸುಳ್ಳು ಹೇಳುತ್ತದೆ. ಹೀಟರಿಗೂ ಬಿಸಿ ನೀರು ಬಾರದೆ ಅದು ಸುಮ್ನೆ ಹೊರಗಿನ ಗಾಳಿ ಊದುತ್ತಿತ್ತು. ಗಾಡಿ ಬಿಸಿಯಾಗಿದ್ದಾಗ ಹೀಟರ್ ಗಾಳಿ ಇದ್ದಕ್ಕಿದ್ದಂತೆ ಬಿಸಿ ಕಳೆದುಕೊಂಡರೆ ಆ ಕ್ಷಣವೇ ಇಂಜಿನ್ ಆಫ್ ಮಾಡಬೇಕು. 800ರ ಸಿಲಿಂಡರ್ ಹೆಡ್, ಅಂದರೆ ಇಂಜಿನ್ನಿನ ಮೇಲ್ಭಾಗ, ಅಲ್ಯೂಮಿನಿಯಂದು, ಸೊಟ್ಟಗಾಗಲು ಜಾಸ್ತಿ ಹೊತ್ತು ಬೇಕಿಲ್ಲ.

ಗಾಡಿ ನಿಲ್ಲಿಸಿ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಲು ಹೋದೆ. ರಸ್ತೆ ಬದಿ ಕೆಂಪು ಬಾಳೆಹಣ್ಣು ಮಾರುತ್ತಿದ್ದವ ಓಡಿಬಂದ. "ಅಣ್ಣಾರೆ, ಮುಚ್ಚಳಕ್ಕ ಕೈ ಹಚ್ಚಬ್ಯಾಡ್ರಿ! ಮಾರಿ ಸುಟ್ಟು ಹೋಗ್ತದ." ಅವನು ತಡೆಯದಿದ್ದರೆ ಇದನ್ನು ಬರೆಯುವ ಮುಖ ನನಗೆ ಇರುತ್ತಿರಲಿಲ್ಲ. ಮುಕ್ಕಾಲು ತಾಸು ಕಾದೆವು. ಹೋಟೆಲಿನ ಬೋರ್ ನೀರು ತುಂಬಿ, 50ರ ಮೇಲೆ ಹೋಗದೆ ವಾಪಸ್ ಬಂದೆವು. ಅವ್ವ ಒಂದು ಡಜನ್ ಹಣ್ಣು ತಗೊಂಡಿದ್ದೇ ಆ ದಿನದ ಲಾಭ.

ಊರಿಗೆ ಬಂದ ಮೇಲೆ ಮಾಡಿದ್ದು ಇನ್ನೊಂದು ದಡ್ಡತನ. ಒಬ್ಬ ಮೆಕ್ಯಾನಿಕ್ ಗಾಡಿ ನೋಡದೆಯೇ "ಫ್ಯಾನ್ ಸ್ವಿಚ್ ಹೋಗ್ಯಾದ" ಅಂದ, ಹೊಸದು ಹಾಕಿಸಿದೆ. ಮುಂದಿನ ವಾರ ಹುಮನಾಬಾದ್ ರಸ್ತೆಯಲ್ಲಿ ಮತ್ತೆ ಮುಳ್ಳು ಮೇಲೆ. ಇನ್ನೊಬ್ಬ "ಹೆಡ್ ಇಳಿಸಬೇಕು" ಅಂದ. ಅಲ್ಲಿಗೆ ಸಾಕು ಅನ್ನಿಸಿತು. ಒಂದು ಭಾನುವಾರ ನಾನೇ ಅಂಗಳದಲ್ಲಿ ಕೂತೆ.

ಇಬ್ಬರಲ್ಲಿ ಒಬ್ಬರೂ ಗಾಡಿ ಯಾವಾಗ ಬಿಸಿಯಾಗುತ್ತದೆ ಅಂತ ಕೇಳಿರಲಿಲ್ಲ. ಸಿಗ್ನಲ್‌ನಲ್ಲಿ ನಿಂತಾಗ ಬಿಸಿಯಾಗಿ, ಓಡಿದಾಗ ಇಳಿದರೆ ಅನುಮಾನ ರೇಡಿಯೇಟರಿಗೆ ಗಾಳಿ ಹಾಕುವ ಫ್ಯಾನ್ ಮೇಲೆ. 70, 80ರಲ್ಲಿ ಹೋಗುವಾಗ ಎದುರು ಗಾಳಿಯೇ ಬೇಕಾದಷ್ಟು, ಅಲ್ಲಿ ಫ್ಯಾನಿಗೆ ಕೆಲಸವೇ ಇಲ್ಲ. ನನ್ನದು ಊರೊಳಗೆ ತಣ್ಣಗೆ, ಹೈವೇಯಲ್ಲಿ ಬಿಸಿ. ಅದೂ ಬೀದರ್ ಕಡೆ ಹೋಗುವಾಗ ಜಾಸ್ತಿ. ಬೀದರ್ ನಮಗಿಂತ ಸುಮಾರು 200 ಮೀಟರ್ ಎತ್ತರದಲ್ಲಿದೆ, ಒಟ್ಟಾರೆ ರಸ್ತೆ ಏರುತ್ತಲೇ ಹೋಗುತ್ತದೆ. ಅಂದರೆ ಇಂಜಿನ್ ಜೋರಾಗಿ ದುಡಿದಾಗ ಹುಟ್ಟುವ ಬಿಸಿಯನ್ನು ರೇಡಿಯೇಟರ್ ಹೊರಗೆ ಹಾಕಲಾಗುತ್ತಿಲ್ಲ. ಇಷ್ಟು ಯೋಚಿಸಿದ್ದರೆ ಫ್ಯಾನ್ ಸ್ವಿಚ್ಚಿನ ದುಡ್ಡು ಉಳಿಯುತ್ತಿತ್ತು.

ಹೆಡ್ ಗ್ಯಾಸ್ಕೆಟ್, ಅಂದರೆ ಸಿಲಿಂಡರ್ ಹೆಡ್ ಕೆಳಗಿನ ಸೀಲ್, ಹೋಗಿದೆಯೋ ಅನ್ನುವ ಹೆದರಿಕೆ ಮೊದಲು ಕಳೆದುಕೊಂಡೆ. ಇಂಜಿನ್ ಪೂರ್ತಿ ತಣ್ಣಗಿದ್ದಾಗ ಮುಚ್ಚಳ ತೆಗೆದು, ಕಂಠದ ತನಕ ನೀರು ತುಂಬಿ ಸ್ಟಾರ್ಟ್ ಮಾಡಿದೆ. ಮೊದಲಿಗೆ ನಾಲ್ಕಾರು ಗುಳ್ಳೆ ಬಂದು ನಿಂತವು. ಒಳಗೆ ಸಿಕ್ಕ ಗಾಳಿ, ಅದು ಸಹಜ. ನಿಲ್ಲದೆ ಬರುತ್ತಲೇ ಇದ್ದರೆ ಸಿಲಿಂಡರಿನ ಗ್ಯಾಸ್ ನೀರಿಗೆ ನುಗ್ಗುತ್ತಿದೆ ಅಂತ ಅರ್ಥ. ಆಯಿಲ್ಲಿಗೆ ನೀರು ಬೆರೆತರೆ ಕಾಣುವ ಹಾಲಿನ ಕೆನೆಯಂಥದ್ದೂ ಆಯಿಲ್ ಮುಚ್ಚಳದ ಒಳಗೆ ಇರಲಿಲ್ಲ. ನಿಟ್ಟುಸಿರು ಬಿಟ್ಟೆ.

ಆಮೇಲೆ ಮಗಳನ್ನು ಕರೆದು, ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಒತ್ತು ಅಂದೆ. ನಾನು ಬಗ್ಗಿ ರೇಡಿಯೇಟರಿನ ಕೆಳಗಿನ ಹೋಸ್ ಪೈಪ್ ನೋಡುತ್ತಿದ್ದೆ. ಅವಳು ಜೋರಾಗಿ ಒತ್ತಿದಾಗ ಆ ಪೈಪು ಹೀರಿಕೊಂಡ ಹಾಲಿನ ಪ್ಯಾಕೆಟ್ಟಿನಂತೆ ಚಪ್ಪಟೆಯಾಯಿತು! ಬಿಟ್ಟರೆ ಉಬ್ಬಿತು. ವಾಟರ್ ಪಂಪು ನೀರು ಎಳೆದುಕೊಳ್ಳುವುದು ಆ ಪೈಪಿನಿಂದಲೇ. ಪಂಪು ಕೇಳಿದಷ್ಟು ನೀರನ್ನು ರೇಡಿಯೇಟರ್ ಕೊಡುತ್ತಿಲ್ಲ. ಪೈಪಿನ ರಬ್ಬರೂ ಮೆತ್ತಗಾಗಿತ್ತು, ನಿಜ. ಆದರೆ ಇಂಜಿನ್ ಬಿಸಿ ಮಾಡಿ ಆಫ್ ಮಾಡಿ, ಫ್ಯಾನಿನ ವೈರ್ ಕಿತ್ತಿಟ್ಟು ರೇಡಿಯೇಟರ್ ಮೇಲೆ ಕೈಯಾಡಿಸಿದಾಗ ನಡುವೆ ಸುಡುತ್ತಿತ್ತು, ಒಂದು ಬದಿ ಬರೀ ಬೆಚ್ಚಗೆ. ಬೆಚ್ಚಗಿದ್ದ ಕಡೆ ಟ್ಯೂಬುಗಳು ಕಟ್ಟಿವೆ. ಫ್ಯಾನಿನ ವೈರ್ ಕಿತ್ತಿಡುವುದನ್ನು ಮರೆಯಬೇಡಿ, ಕೆಲವು ಗಾಡಿಗಳಲ್ಲಿ ಕೀಲಿ ತೆಗೆದಿದ್ದರೂ ಅದು ತಿರುಗಬಹುದು.

ರೇಡಿಯೇಟರ್ ಬಿಚ್ಚಿದಾಗ ಎರಡನೇ ಕಳ್ಳನೂ ಸಿಕ್ಕ. ಎಸಿಯ ಬಿಸಿ ಹೊರಹಾಕುವ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ತೊಗರಿ ಹೊಟ್ಟಿನ ಕಂಬಳಿ! ನಮ್ಮ ಕಡೆ ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿಯ ಕಾಲ, ಹಳ್ಳಿ ರಸ್ತೆಗಳ ಮೇಲೇ ಬೆಳೆ ಹರಡಿರುತ್ತಾರೆ. ಎಷ್ಟು ವರ್ಷದ ಹೊಟ್ಟು ಅಲ್ಲಿ ಧೂಳಿನ ಜೊತೆ ಮೆತ್ತಿಕೊಂಡಿತ್ತೋ! ಮುಂದಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಇಂಜಿನ್ ಕಡೆಯಿಂದ ಹೊರಗಡೆಗೆ ಮೆಲ್ಲಗೆ ನೀರು ಬಿಟ್ಟು ತೊಳೆದೆ. ವಾಷಿಂಗ್ ಸೆಂಟರಿನ ಜೋರು ನೀರು ಹಿಡಿದರೆ ತೆಳ್ಳನೆ ರೆಕ್ಕೆಗಳು ಮಡಚಿಕೊಳ್ಳುತ್ತವೆ.

ನನ್ನದು ಹಳೇ ತಾಮ್ರ ಹಿತ್ತಾಳೆಯ ರೇಡಿಯೇಟರ್. ರಿಪೇರಿಯ ಚಾಚಾ ಬೆಸುಗೆ ಕಾಯಿಸಿ ಮೇಲಿನ ಟ್ಯಾಂಕ್ ಬಿಚ್ಚಿ ಒಳಗೆ ತೋರಿಸಿದರು. ಟ್ಯೂಬುಗಳ ಬಾಯಿಗೆಲ್ಲ ಬಿಳಿ ಗಾರೆ. "ಬೋರಿನ ನೀರ ಹಾಕ್ತೀರೇನ್ರಿ? ಇದು ರೇಡಿಯೇಟರ್ ಅಲ್ರಿ, ಸುಣ್ಣದ ಭಟ್ಟಿ ಅದ." ನಾನು ಸುಮ್ಮನಾದೆ. ನಮ್ಮ ಸವಳು ನೀರು ಕೊಡ, ಗೀಸರಿಗೆಲ್ಲ ಏನು ಮಾಡುತ್ತದೆ ಅಂತ ಗೊತ್ತಿದ್ದೂ ಎಂಟು ಹತ್ತು ವರ್ಷ ಅದನ್ನೇ ಮಗ್ಗಿನಲ್ಲಿ ಸುರಿದಿದ್ದೆ. ಚಾಚಾ ಒಂದೊಂದೇ ಟ್ಯೂಬಿಗೆ ತೆಳ್ಳನೆ ಪಟ್ಟಿ ತೂರಿಸಿ ಕೆರೆದು, ಮತ್ತೆ ಬೆಸುಗೆ ಹಾಕಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ಬಿಟ್ಟು ಲೀಕ್ ನೋಡಿಕೊಟ್ಟರು. ಈಗಿನ ಅಲ್ಯೂಮಿನಿಯಂ, ಪ್ಲಾಸ್ಟಿಕ್ ಟ್ಯಾಂಕಿನ ರೇಡಿಯೇಟರಿಗೆ ಈ ಭಾಗ್ಯ ಇಲ್ಲ, ಕಟ್ಟಿದರೆ ಸಾಮಾನ್ಯವಾಗಿ ಹೊಸದೇ ಗತಿ.

ಇಂಜಿನ್ ಬೆಚ್ಚಗಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ನೋಡೋಣ ಅಂತ ಬಿಚ್ಚಿದರೆ ಅದು ಇರಲೇ ಇಲ್ಲ! ಯಾರೋ ಯಾವತ್ತೋ ತೆಗೆದು ಎಸೆದಿದ್ದಾರೆ. "ನಮ್ಮ ಬಿಸಿಲಿಗ ಅದ್ಯಾಕ ಬೇಕು" ಅನ್ನುವುದು ಇಲ್ಲಿ ಮಾಮೂಲಿ ಮಾತು. ನಾನು ಒಪ್ಪುವುದಿಲ್ಲ. ಅದಿಲ್ಲದ ಇಂಜಿನ್ ಚಳಿಗಾಲದ ಬೆಳಗ್ಗೆ ಬೇಗ ಬೆಚ್ಚಗಾಗುವುದಿಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. 82 ಡಿಗ್ರಿಯದು ತಂದು, ಹಳೇ ಪಾತ್ರೆಯ ನೀರಿನಲ್ಲಿ ಥರ್ಮಾಮೀಟರ್ ಜೊತೆ ಕುದಿಸಿ, ಬಾಯಿ ತೆರೆಯುವುದನ್ನು ಕಣ್ಣಾರೆ ನೋಡಿ ಹಾಕಿದೆ.

ಮುಚ್ಚಳವನ್ನೂ ಬದಲಿಸಿದೆ. ಹಳೆಯದರ ರಬ್ಬರು ಕಲ್ಲಾಗಿತ್ತು. 0.9 ಬಾರ್ ಒತ್ತಡ ಹಿಡಿದಿಡುವ ಮುಚ್ಚಳ ಸರಿಯಿದ್ದರೆ ಒಳಗೆ ಬರೀ ನೀರಿದ್ದರೂ ಸುಮಾರು 118 ಡಿಗ್ರಿ ತನಕ ಕುದಿಯುವುದಿಲ್ಲ. ಒತ್ತಡ ನಿಲ್ಲದಿದ್ದರೆ 100ಕ್ಕೇ ಕುದಿದು ಹೊರಗೆ ಚೆಲ್ಲುತ್ತದೆ.

ಕೊನೆಗೆ ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ಮೂರೂವರೆ ಲೀಟರಿಗಿಂತ ಸ್ವಲ್ಪ ಜಾಸ್ತಿ ಹಿಡಿಯಿತು. ಗಾಡಿಯ ಮೂತಿ ಮೇಲಾಗುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಮುಚ್ಚಳ ತೆಗೆದೇ ಇಂಜಿನ್ ಓಡಿಸಿದೆ. ಗುಳ್ಳೆ ಬಂದ ಹಾಗೆ ಮಟ್ಟ ಇಳಿಯುತ್ತದೆ, ತುಂಬುತ್ತಾ ಹೋದೆ. ಗುಳ್ಳೆ ನಿಂತ ಮೇಲೆ ಮುಚ್ಚಳ ಹಾಕಿ, ಫ್ಯಾನ್ ಎರಡು ಸಲ ಬಂದು ಹೋಗುವ ತನಕ ಕಾದೆ. ಚೆಲ್ಲಿದ ಕೂಲಂಟನ್ನು ಬಕೆಟ್ಟಿನಲ್ಲೇ ಹಿಡಿಯಿರಿ. ಅದು ಸಿಹಿ ಇರುತ್ತದೆ, ಓಣಿಯ ನಾಯಿ ನೆಕ್ಕಿದರೆ ಸಾಯಬಹುದು.

ಮುಂದಿನ ತಿಂಗಳು ಮತ್ತೆ ಅದೇ ರಸ್ತೆ. ಕಮಲಾಪುರದಲ್ಲಿ ಹಣ್ಣಿಗೆ ನಿಲ್ಲಿಸಿದಾಗ ಮುಳ್ಳು ಅರ್ಧಕ್ಕೇ ಇತ್ತು, ಎಸಿಯೂ ಓಡುತ್ತಿತ್ತು. ವಾಟರ್ ಪಂಪಿನ ಕೆಳಗಿನ ಸಣ್ಣ ತೂತಿನಲ್ಲಿ ಮಾತ್ರ ಈಚೆಗೆ ಹಸಿರು ಕಲೆ ಕಾಣುತ್ತಿದೆ. ಸೀಲ್ ಬೆವರಲು ಶುರು ಮಾಡಿದೆ. ಹೊಸ ಪಂಪ್ ತಂದಿಟ್ಟಿದ್ದೇನೆ, ದಸರಾ ರಜೆಯಲ್ಲಿ ಬಿಚ್ಚಬೇಕು.